ಕೊಯ್ದು ನೋಡಲೆಂದೇ ಮಾಡಿದ ಬೆಸುಗೆಗಳು: ಇನ್‌ಸ್ಪೆಕ್ಟರ್ ಪರೀಕ್ಷೆಗೆ ಶೆಡ್ಡಿನಲ್ಲೇ ಕಟ್ಟಿದ ತಾಲೀಮು ಸೆಟ್

ಅಮೆರಿಕನ್ ವೆಲ್ಡಿಂಗ್ ಸೊಸೈಟಿ (ಎಡಬ್ಲ್ಯುಎಸ್) 1976ರಿಂದ ನಡೆಸುತ್ತಿರುವ ಸಿಡಬ್ಲ್ಯುಐ, ಅಂದರೆ ಸರ್ಟಿಫೈಡ್ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಪರೀಕ್ಷೆಯಲ್ಲಿ ಮೂರು ಭಾಗಗಳಿವೆ. ಒಂದು ಮೂಲತತ್ವಗಳದ್ದು, ಇನ್ನೊಂದು ಕೋಡ್ ಪುಸ್ತಕ ತೆರೆದಿಟ್ಟುಕೊಂಡು ಉತ್ತರ ಹುಡುಕುವುದು. ಕೂತು ಓದಿದರೆ ಇವೆರಡನ್ನೂ ದಾಟಬಹುದು. ಪ್ರಾಯೋಗಿಕ ಭಾಗ ಹಾಗಲ್ಲ. ಅಲ್ಲಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ತೆಗೆದ ಬೆಸುಗೆಯ ಪ್ರತಿರೂಪಗಳನ್ನು ಮುಂದಿಡುತ್ತಾರೆ. ಗೇಜು, ಕ್ಯಾಲಿಪರ್, ಸ್ಕೇಲು ಹಿಡಿದು ಅಳೆದು, ಕೊಟ್ಟ ಮಾನದಂಡಕ್ಕೆ ಹೋಲಿಸಿ, ಪಾಸೋ ಫೇಲೋ ಹೇಳಬೇಕು. ಒಂದೊಂದು ಭಾಗದಲ್ಲೂ ಶೇಕಡಾ 72 ಬರಬೇಕು.

ಪೀಣ್ಯದ ನಮ್ಮ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಕ್ವಾಲಿಟಿ ಕೆಲಸ ನನ್ನದು. ಈ ಪರೀಕ್ಷೆಗೆ ಕೂರಬೇಕೆಂದಿರುವ ಹುಡುಗರು ಸುತ್ತಲಿನ ಶೆಡ್ಡುಗಳಲ್ಲಿ ಬೇಕಾದಷ್ಟು ಇದ್ದಾರೆ. ಪ್ರತಿರೂಪಗಳ ಮೇಲೆ ಅಳತೆ ಕಲಿಯಬಹುದು, ನಿಜ. ಆದರೆ ಪ್ಲಾಸ್ಟಿಕ್ಕಿಗೆ ಒಳಗಿಲ್ಲ. ಅದನ್ನು ಕೊಯ್ದರೆ ಏನೂ ಕಾಣುವುದಿಲ್ಲ, ಒಡೆದರೆ ಏನೂ ತಿಳಿಯುವುದಿಲ್ಲ. ದೋಷದ ಹೆಸರು ಬಾಯಿಪಾಠವಾಗುತ್ತದೆ, ಅದು ಯಾಕೆ ಬಂತು ಎನ್ನುವುದು ತಲೆಗೆ ಹೋಗುವುದಿಲ್ಲ. ಆದ್ದರಿಂದ ಉಕ್ಕಿನಲ್ಲೇ ಏಳು ತುಂಡುಗಳ ಒಂದು ಸೆಟ್ ಕಟ್ಟಿದೆವು. ಒಂದು ತುಂಡು ಚೊಕ್ಕ ಬೆಸುಗೆ, ಉಳಿದವುಗಳಲ್ಲಿ ಬೇಕೆಂದೇ ಹಾಕಿದ ಒಂದೊಂದು ದೋಷ. ವೆಲ್ಡಿಂಗ್ ಮಾಡಿದವರು ನಮ್ಮ ಹಿರಿಯ ವೆಲ್ಡರ್ ಅಣ್ಣ. ಜೊತೆಗಿದ್ದವನು ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬಂದ ಹುಡುಗ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಪ್ಲೇಟು, ರಾಡು, ಬೆಳಕು

ಐಎಸ್ 2062 ಇ250 ದರ್ಜೆಯ 10 ಮಿ.ಮೀ. ಪ್ಲೇಟಿನ ಕಟ್ ಪೀಸುಗಳಲ್ಲಿ ಹೀಟ್ ನಂಬರ್ (ಯಾವ ಕರಗಿನ ಉಕ್ಕೆಂದು ಕಾರ್ಖಾನೆ ಹಾಕಿದ ಸಂಖ್ಯೆ) ಇನ್ನೂ ಓದಲು ಬರುವಂಥವನ್ನು ಮಾತ್ರ ಆರಿಸಿದೆವು. ಯಾವ ಉಕ್ಕೆಂದೇ ಗೊತ್ತಿಲ್ಲದ ತುಂಡಿನಲ್ಲಿ ಬಿರುಕು ಬಂದರೆ ಅದು ರಾಡಿನದೋ ಪ್ಲೇಟಿನದೋ ಹೇಳುವುದು ಹೇಗೆ? ಒಂದೊಂದನ್ನೂ 150 ಮಿ.ಮೀ. ಉದ್ದ, 75 ಮಿ.ಮೀ. ಅಗಲಕ್ಕೆ ಕತ್ತರಿಸಿ, ಬೆಸುಗೆ ಬೀಳುವ ಜಾಗದಲ್ಲಿ ಮಿಲ್ ಸ್ಕೇಲ್ (ಉಕ್ಕಿನ ಮೇಲಿನ ಕಪ್ಪು ಆಕ್ಸೈಡ್ ಪೊರೆ) ಪೂರ್ತಿ ಹೋಗುವ ಹಾಗೆ ಗ್ರೈಂಡ್ ಮಾಡಿ, ನಂಬರ್ ಪಂಚಿನಿಂದ 1ರಿಂದ 7ರವರೆಗೆ ಗುರುತು ಹಾಕಿದೆವು. ಚಾಕ್‌ಪೀಸಿನ ಗುರುತು ವೈರ್ ಬ್ರಷ್ಷಿಗೆ ಹೋಗಿಬಿಡುತ್ತದೆ. ಗುರುತು ಹೋದ ತುಂಡಿನ ರಿಪೋರ್ಟಿಗೆ ಬೆಲೆಯಿಲ್ಲ.

ರಾಡು ಇ7018, 3.15 ಮಿ.ಮೀ. ಈ ಸಂಖ್ಯೆಯನ್ನು ಬಿಡಿಸಿ ಓದುವುದು ಪರೀಕ್ಷೆಯಲ್ಲಿ ಬಂದೇ ಬರುತ್ತದೆ. 70 ಎಂದರೆ ಚದರ ಇಂಚಿಗೆ ಕನಿಷ್ಠ 70,000 ಪೌಂಡು ಎಳೆತದ ಬಲ, ಮುಂದಿನ 1 ಎಂದರೆ ಎಲ್ಲ ಪೊಸಿಷನ್ನಿನಲ್ಲೂ ಬಳಸಬಹುದು, ಕೊನೆಯ 8 ಕಡಿಮೆ ಹೈಡ್ರೋಜನ್ನಿನ ಕಬ್ಬಿಣಪುಡಿ ಲೇಪ. ಲೇಪ ತೇವ ಹೀರಿಕೊಂಡರೆ ಆ 8ಕ್ಕೆ ಅರ್ಥವೇ ಉಳಿಯುವುದಿಲ್ಲ. ಉಕ್ಕಿನ ಕಟ್ಟಡಗಳ ಬೆಸುಗೆಗಿರುವ ಎಡಬ್ಲ್ಯುಎಸ್ ಡಿ1.1 ಕೋಡ್ ಪ್ರಕಾರ ತೇವಕ್ಕೆ ಸಿಕ್ಕ ಈ ರಾಡನ್ನು 260ರಿಂದ 430 ಡಿಗ್ರಿ ಸೆಲ್ಸಿಯಸ್ ನಡುವೆ ಕನಿಷ್ಠ ಎರಡು ಗಂಟೆ ಬೇಯಿಸಿ, ಆಮೇಲೆ 120 ಡಿಗ್ರಿಗೆ ಕಡಿಮೆಯಿಲ್ಲದ ಓವನ್ನಿನಲ್ಲಿ ಇಡಬೇಕು. ಹೊರಗೆ ತೆಗೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಇನ್‌ಸ್ಪೆಕ್ಟರ್ ಆದವನು ಶೆಡ್ಡಿಗೆ ಕಾಲಿಟ್ಟೊಡನೆ ಮೊದಲು ನೋಡಬೇಕಾದದ್ದು ಓವನ್ನಿನ ಥರ್ಮಾಮೀಟರು. ಬೆಸುಗೆ ಆಮೇಲೆ.

ನೋಡುವ ಮೇಜಿಗೆ ಬಿಳಿ ಎಲ್‌ಇಡಿ ದೀಪ ಕಟ್ಟಿ ಲಕ್ಸ್ ಮೀಟರಿನಲ್ಲಿ 1000 ಲಕ್ಸ್ ದಾಟಿದೆಯೆಂದು ಖಾತ್ರಿ ಮಾಡಿಕೊಂಡೆವು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಎಎಸ್‌ಎಂಇಯ ಕೋಡಿನ ಸೆಕ್ಷನ್ 5 ಕೇಳುವುದು ಅಷ್ಟು ಬೆಳಕು. ಕಣ್ಣು 600 ಮಿ.ಮೀ. ಒಳಗೆ, ನೋಟದ ಕೋನ 30 ಡಿಗ್ರಿಗೆ ಕಡಿಮೆಯಾಗದಂತೆ. ಇದರ ಜೊತೆಗೆ ಒಂದು ಟಾರ್ಚ್ ಬೇಕು. ಅದನ್ನು ಪ್ಲೇಟಿಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಅಂಡರ್‌ಕಟ್ಟಿನ, ಅಂದರೆ ಬೆಸುಗೆಯ ಅಂಚಿನಲ್ಲಿ ಕರಗಿ ಉಳಿದ ತಗ್ಗಿನ, ನೆರಳು ತಾನಾಗಿ ಏಳುತ್ತದೆ.

ಒಂದು ಮತ್ತು ಎರಡನೆಯ ತುಂಡು

ಒಂದನೆಯದು ಚೊಕ್ಕ ಬೆಸುಗೆ. ಟಿ ಜಾಯಿಂಟು, ಒಂದೇ ಬದಿಗೆ 6 ಮಿ.ಮೀ. ಫಿಲೆಟ್, ಅಂದರೆ ಎರಡು ಪ್ಲೇಟುಗಳ ಮೂಲೆ ತುಂಬುವ ತ್ರಿಕೋನ ಬೆಸುಗೆ; 6 ಎಂಬುದು ಅದು ಪ್ಲೇಟಿನ ಮೇಲೆ ಚಾಚುವ ಅಳತೆ, ಅದನ್ನು ಕಾಲು ಎನ್ನುತ್ತಾರೆ. 120 ಆಂಪ್ಸ್, 24 ವೋಲ್ಟ್, ರಾಡು ಪಾಸಿಟಿವ್‌ಗೆ. 150 ಮಿ.ಮೀ. ಓಡಲು ಒಂದು ನಿಮಿಷ ಹಿಡಿಯಿತು. ವೋಲ್ಟನ್ನು ಆಂಪ್ಸ್‌ನಿಂದಲೂ 60ರಿಂದಲೂ ಗುಣಿಸಿ, ನಿಮಿಷಕ್ಕೆ ಓಡಿದ ಮಿ.ಮೀ.ನಿಂದಲೂ 1000ದಿಂದಲೂ ಭಾಗಿಸಿದರೆ ಹೀಟ್ ಇನ್‌ಪುಟ್ ಬರುತ್ತದೆ: ಇಲ್ಲಿ ಮಿ.ಮೀ.ಗೆ ಸುಮಾರು 1.15 ಕಿಲೋಜೂಲ್. ಹುಡುಗನ ಕೈಯಲ್ಲೇ ಲೆಕ್ಕ ಹಾಕಿಸಿದೆ.

ಎರಡನೆಯದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಅಕ್ಕರೆ. ಅದೇ ರಾಡು, ಅದೇ ಆಂಪ್ಸ್, ಅದೇ 6 ಮಿ.ಮೀ. ಫಿಲೆಟ್. ಆದರೆ ಟ್ಯಾಕ್ (ಪ್ಲೇಟುಗಳು ಅಲುಗದಂತೆ ಮೊದಲು ಹಾಕುವ ಚುಕ್ಕಿ ಬೆಸುಗೆ) ಹಾಕುವಾಗ ನಿಂತ ಪ್ಲೇಟಿನ ಒಂದು ತುದಿ ಕೆಳಗಿನ ಪ್ಲೇಟಿಗೆ ಒತ್ತಿ ಕೂತಿತ್ತು, ಇನ್ನೊಂದು ತುದಿಯ ಕೆಳಗೆ ಲೇಪ ಉದುರಿಸಿದ ರಾಡಿನ ತುಂಡನ್ನು ಇಟ್ಟು 3 ಮಿ.ಮೀ. ಗ್ಯಾಪ್ ಬಿಟ್ಟೆವು. ಬೆಸುಗೆಯಾದ ಮೇಲೆ ಎರಡೂ ತುದಿಗಳನ್ನೂ ಹಿಂಬದಿಯನ್ನೂ ಮುಚ್ಚಿಬಿಟ್ಟೆವು. ಇನ್ನು ಗ್ಯಾಪ್ ಅಳೆಯುವ ಫೀಲರ್ ಗೇಜ್ ತೂರಲು ದಾರಿಯೇ ಇಲ್ಲ.

ಹುಡುಗ ಫಿಲೆಟ್ ಗೇಜಿನ 6ರ ಎಲೆಯನ್ನು ಒತ್ತು ಕೂತ ತುದಿಯಲ್ಲಿ ಹಿಡಿದ, ಸರಿಯಾಗಿ ಕೂತಿತು. ಗ್ಯಾಪಿನ ತುದಿಯಲ್ಲೂ ಹಿಡಿದ, ಅಲ್ಲೂ ಸರಿಯಾಗಿ ಕೂತಿತು.

"ಎರಡೂ ಕಡೆ ಓಕೆ ಅಣ್ಣ" ಅಂದ.

ಎರಡೂ ತುದಿಗಳಿಂದ ಅಡ್ಡಕ್ಕೆ ಪಟ್ಟಿ ಕೊಯ್ದೆವು. 80ರ ಎಮರಿ ಪೇಪರಿನಿಂದ ಶುರು ಮಾಡಿ 120, 220, 400ರವರೆಗೆ ಉಜ್ಜಿ, ಪ್ರತಿ ಪೇಪರಿಗೂ ತುಂಡನ್ನು 90 ಡಿಗ್ರಿ ತಿರುಗಿಸಿ ಹಿಂದಿನ ಗೀರು ಅಳಿಸುವ ಹಾಗೆ ನೋಡಿಕೊಂಡೆವು. ಒಳರಚನೆ ಕಾಣುವಂತೆ ಆಸಿಡ್ ಸವರುವ ಎಚಿಂಗ್‌ಗೆ ನೈಟಲ್, ಅಂದರೆ ಈಥೈಲ್ ಆಲ್ಕೋಹಾಲಿನಲ್ಲಿ ಶೇಕಡಾ 5 ನೈಟ್ರಿಕ್ ಆಸಿಡ್. ಆಸಿಡ್ಡನ್ನೇ ಆಲ್ಕೋಹಾಲಿಗೆ ನಿಧಾನ ಹನಿಸಬೇಕು, ತಿರುಗುಮುರುಗು ಮಾಡಬಾರದು. ಗ್ಲೌಸು, ಕನ್ನಡಕ, ಗಾಳಿ ಆಡುವ ಜಾಗ ಇರಲೇಬೇಕು. ಬೇಕಾದಷ್ಟೇ ಕಲಸಿಕೊಳ್ಳಬೇಕು, ಉಳಿದದ್ದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಕೂಡಿಡುವುದು ಅಪಾಯ. ಹತ್ತಿಯಿಂದ ಸವರಿದ ಕೆಲವೇ ಸೆಕೆಂಡಿನಲ್ಲಿ ಬೆಸುಗೆಯ ಲೋಹ ಒಂದು ಬಣ್ಣ, ಪ್ಲೇಟು ಇನ್ನೊಂದು ಬಣ್ಣ, ನಡುವೆ ಕಾವಿಗೆ ಬದಲಾದ ಪಟ್ಟಿ ಕಪ್ಪಾಗಿ ಮೂಡಿತು.

ಒತ್ತು ಕೂತ ತುದಿಯಲ್ಲಿ ಎರಡೂ ಕಾಲು 6 ಮಿ.ಮೀ., ಥ್ರೋಟ್ (ಬಲ ಹೊರುವ ಬೆಸುಗೆಯ ಒಳದಪ್ಪ) ಕಾಲಿನ 0.707ರ ಲೆಕ್ಕದಂತೆ 4.2. ಗ್ಯಾಪಿನ ತುದಿಯಲ್ಲಿ ಗೇಜು ತೋರಿಸಿದ 6ರಲ್ಲಿ ಮೊದಲ 3 ಮಿ.ಮೀ. ಗ್ಯಾಪನ್ನು ತುಂಬುವುದಕ್ಕೇ ಹೋಗಿತ್ತು. ನಿಂತ ಪ್ಲೇಟಿನ ಮೈಗೆ ಅಂಟಿದ್ದು ಇನ್ನುಳಿದ 3 ಮಾತ್ರ. ಲೆಕ್ಕಕ್ಕೆ ಸಿಗುವ ಥ್ರೋಟ್ 2.1. ಡ್ರಾಯಿಂಗಿನಲ್ಲಿ ಎಂಜಿನಿಯರ್ ಲೆಕ್ಕ ಹಾಕಿದ ಬಲದ ಅರ್ಧ ಅಲ್ಲಿರಲೇ ಇಲ್ಲ. ಡಿ1.1ರಲ್ಲಿ ಇದಕ್ಕೆ ಸ್ಪಷ್ಟ ನಿಯಮವಿದೆ: ಗ್ಯಾಪ್ 2 ಮಿ.ಮೀ. ದಾಟಿದರೆ, ಗ್ಯಾಪ್ ಎಷ್ಟಿದೆಯೋ ಅಷ್ಟನ್ನು ಕಾಲಿಗೆ ಸೇರಿಸಬೇಕು. ಇಲ್ಲಿ 6 ಅಲ್ಲ, 9 ಮಿ.ಮೀ. ಹಾಕಬೇಕಿತ್ತು. ಆ ನಿಯಮವನ್ನು ಪಾಲಿಸಿದ್ದಾರೋ ಇಲ್ಲವೋ ಎಂದು ತಿಳಿಯುವ ಸಮಯ ಒಂದೇ, ಟ್ಯಾಕ್ ಆಗಿ ಬೆಸುಗೆ ಇನ್ನೂ ಬೀಳದ ಹೊತ್ತು. ಆರ್ಕ್ ಹೊತ್ತಿದ ಮೇಲೆ ಬಂದು ಗೇಜು ಹಿಡಿಯುವ ಇನ್‌ಸ್ಪೆಕ್ಟರಿಗೆ ಅದು ಯಾವತ್ತೂ ಕಾಣುವುದಿಲ್ಲ. ಬೆಸುಗೆಗೆ ಮುಂಚಿನ ಈ ಫಿಟ್ ಅಪ್ ಇನ್‌ಸ್ಪೆಕ್ಷನ್ನನ್ನು ಸಹಿಯ ಶಾಸ್ತ್ರ ಎಂದುಕೊಂಡವರಿಗೆಲ್ಲ ಈ ಪಟ್ಟಿಯನ್ನು ತೋರಿಸುತ್ತೇನೆ.

6 ಮಿ.ಮೀ. ಫಿಲೆಟ್ ಎಂದರೆ ಸಣ್ಣ ಬೆಸುಗೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಎಲ್. ಕೀಲಂಡ್ ಎಂಬ ನಾರ್ವೆಯ ತೇಲುವ ವಸತಿ ಪ್ಲಾಟ್‌ಫಾರ್ಮ್ ಮಗುಚಿತು. ಅದರಲ್ಲಿದ್ದ 212 ಜನರಲ್ಲಿ 123 ಮಂದಿ ಸತ್ತರು. ತನಿಖೆಯಲ್ಲಿ ಬಿರುಕಿನ ಮೂಲ ಸಿಕ್ಕಿದ್ದು ಒಂದು 6 ಮಿ.ಮೀ. ಫಿಲೆಟ್ಟಿನಲ್ಲಿ. ಸಮುದ್ರದೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಎಂಬ ಉಪಕರಣದ ಹೋಲ್ಡರನ್ನು ಆಧಾರದ ಬ್ರೇಸಿಗೆ ಕೂಡಿಸಿದ್ದ ಬೆಸುಗೆ ಅದು. ಭಾರ ಹೊರುವ ಭಾಗವೇ ಅಲ್ಲವೆಂದು ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಮುರಿದ ಮುಖದ ಮೇಲೆ ಬಣ್ಣದ ಕುರುಹು ಸಿಕ್ಕಿತು. ಅಂದರೆ ಬಣ್ಣ ಹೊಡೆಯುವ ಮೊದಲೇ ಅಲ್ಲಿ ಬಿರುಕಿತ್ತು. ಅಂದಿನಿಂದ ಅದು ಅಲೆ ಅಲೆಗೂ ಬೆಳೆಯುತ್ತ ಹೋಯಿತು. ಬಣ್ಣ ಹೊಡೆಯುವ ಹುಡುಗ ಗನ್ ಹಿಡಿದು ಕಾಯುತ್ತಿದ್ದಾಗ "ಒಂದು ನಿಮಿಷ, ಡಿಪಿ ಮಾಡಿ ಬಿಡುತ್ತೇನೆ" ಎನ್ನುವ ಧೈರ್ಯ ನಮ್ಮ ಹುಡುಗರಿಗೆ ಬರಬೇಕು. (ಡಿಪಿ ಎಂದರೆ ಡೈ ಪೆನಿಟ್ರೆಂಟ್, ಬಣ್ಣದ ದ್ರವದಿಂದ ಮೇಲ್ಮೈಯ ಬಿರುಕು ಹುಡುಕುವ ಪರೀಕ್ಷೆ.) ಈ ಕತೆ ಹೇಳುವುದು ಅದಕ್ಕಾಗಿ.

ಮೂರು ಮತ್ತು ನಾಲ್ಕು

ಇವೆರಡೂ ಸುಲಭದವು. ಮೂರನೆಯದರಲ್ಲಿ ಆಂಪ್ಸ್ ಏರಿಸಿ, ಆರ್ಕ್ ಉದ್ದ ಬಿಟ್ಟು, ಕೈ ಬೇಗ ಓಡಿಸಿದಾಗ ನಿಂತ ಪ್ಲೇಟಿನ ಅಂಚು ಕರಗಿ ತಗ್ಗಾಯಿತು, ತುಂಬಲು ಲೋಹ ಬರಲಿಲ್ಲ, ಅದೇ ಅಂಡರ್‌ಕಟ್. ಆಳ 0.8ರಿಂದ 1.4 ಮಿ.ಮೀ.ವರೆಗೆ ಬಂತು. ಡಿ1.1ರ ಪ್ರಕಾರ 25 ಮಿ.ಮೀ.ಗಿಂತ ತೆಳು ಪ್ಲೇಟಿಗೆ, ಸ್ಥಿರ ಭಾರದ ಕಟ್ಟಡವಾದರೆ, ಮಿತಿ 1 ಮಿ.ಮೀ.; 300 ಮಿ.ಮೀ. ಉದ್ದದಲ್ಲಿ ಒಟ್ಟು 50 ಮಿ.ಮೀ.ವರೆಗೆ 2 ಮಿ.ಮೀ. ಇದ್ದರೂ ಒಪ್ಪಬಹುದು. ಅದೇ ಬೆಸುಗೆ ಸೇತುವೆಯಂತೆ ಏರಿಳಿಯುವ ಭಾರದ ಮುಖ್ಯ ಭಾಗದಲ್ಲಿ ಎಳೆತಕ್ಕೆ ಅಡ್ಡಲಾಗಿದ್ದರೆ ಮಿತಿ 0.25 ಮಿ.ಮೀ. ಒಂದೇ ತುಂಡು ಒಂದು ಕಡೆ ಪಾಸ್, ಇನ್ನೊಂದು ಕಡೆ ಫೇಲ್. ಹಾಗಾಗಿ ಯಾರಾದರೂ ಬೆಸುಗೆ ತೋರಿಸಿ "ಇದು ಓಕೆನಾ?" ಎಂದು ಕೇಳಿದರೆ, ಉತ್ತರಕ್ಕೆ ಮೊದಲು "ಯಾವ ಕೋಡು, ಎಂಥ ಭಾರ?" ಎಂದು ಕೇಳಬೇಕು.

ನಾಲ್ಕನೆಯದಕ್ಕೆ ರಾಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಪ್ಲೇಟಿಗೆ ಕಟಿಂಗ್ ಆಯಿಲ್ ಸವರಿ ಬೆಸುಗೆ ಹಾಕಿದೆವು. ತೂತುಗಳು ಸಾಲಾಗಿ ಬಂದವು. ಮೇಲಕ್ಕೆ ಬಾಯಿ ತೆರೆದ 1 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ತೂತುಗಳ ವ್ಯಾಸ ಕೂಡಿಸಿ ನೋಡಬೇಕು: ಫಿಲೆಟ್ಟಿನಲ್ಲಿ 25 ಮಿ.ಮೀ. ಉದ್ದಕ್ಕೆ 10, 300 ಮಿ.ಮೀ. ಉದ್ದಕ್ಕೆ 20 ಮಿ.ಮೀ. ದಾಟಬಾರದು. ಪೊರಾಸಿಟಿ, ಅಂದರೆ ಈ ತೂತುಗಳು, ಬೇಕೆಂದು ಗ್ಯಾಲ್ವನೈಸ್ ತಗಡಿನ ಮೇಲೆ ಯಾರೂ ಪ್ರಯೋಗ ಮಾಡಬೇಡಿ. ಸತುವಿನ ಹೊಗೆ ಜ್ವರ ತರಿಸುತ್ತದೆ.

ಐದನೆಯದು, ನೋಡಲು ಎಲ್ಲಕ್ಕಿಂತ ಚೆಂದ

ಇದಕ್ಕೆ ಇ6013 ರಾಡು. ಅಣ್ಣ ಆಂಪ್ಸ್ ಇಳಿಸಿ, ರಾಡನ್ನು ಕೆಳಗಿನ ಪ್ಲೇಟಿನ ಕಡೆಗೇ ವಾಲಿಸಿ, ಅಗಲವಾಗಿ ನೇಯುತ್ತ ನಿಧಾನ ಬಂದರು. ಸ್ಲ್ಯಾಗ್ (ರಾಡಿನ ಲೇಪ ಕರಗಿ ಬರುವ ಗಾಜಿನಂಥ ಕಿಟ್ಟ) ಆರ್ಕಿನ ಮುಂದೆ ಹರಿದು ಮೂಲೆಯಲ್ಲಿ ಕೂತಿತು, ಲೋಹ ಅದರ ಮೇಲಿಂದ ದಾಟಿ ಹೋಯಿತು. ಸ್ಲ್ಯಾಗ್ ತಟ್ಟಿದಾಗ ಒಂದೇ ಸಮನಾದ ಸಣ್ಣ ಅಲೆಗಳು, ನುಣುಪಾದ ಮೈ. ಕಾಲು 7 ಮಿ.ಮೀ., ಅಂಡರ್‌ಕಟ್ ಇಲ್ಲ, ತೂತಿಲ್ಲ. ಡಿಪಿ ಹಾಕಿದರೂ ಏನೂ ಬರಲಿಲ್ಲ. ಡಿಪಿ ಮೇಲ್ಮೈಗೆ ಬಾಯಿ ತೆರೆದದ್ದನ್ನು ಮಾತ್ರ ತೋರಿಸುತ್ತದೆ ಎಂಬುದು ಪುಸ್ತಕದಲ್ಲಿದೆ. ಇಲ್ಲಿ ಕಣ್ಣಾರೆ ಕಂಡಿತು.

ಹೈಡ್ರಾಲಿಕ್ ಪ್ರೆಸ್ಸಿಗೆ ಹಾಕಿ, ನಿಂತ ಪ್ಲೇಟನ್ನು ಬೆಸುಗೆ ಇರುವ ಬದಿಗೇ ಮಡಚಿದೆವು. ಹಾಗೆ ಮಡಚಿದರೆ ರೂಟ್, ಅಂದರೆ ಬೆಸುಗೆಯ ಒಳಮೂಲೆ, ಎಳೆತಕ್ಕೆ ಬೀಳುತ್ತದೆ. ಒಂದನೆಯ ತುಂಡಿನ ತಮ್ಮನಂತೆ ಮಾಡಿಟ್ಟಿದ್ದ ಇನ್ನೊಂದು ಚೊಕ್ಕ ಬೆಸುಗೆ ಮಡಚಿ ಮಲಗಿತು, ಒಡೆಯಲಿಲ್ಲ. ಐದನೆಯದು ಸ್ವಲ್ಪ ಬಾಗಿದ ಕೂಡಲೇ ಟಪ್ಪನೆ ಬಿಟ್ಟಿತು. ಒಡೆದ ಮುಖ ನೋಡಿದರೆ ರೂಟಿನುದ್ದಕ್ಕೂ ಮಂಕಾದ ಪಟ್ಟಿ, ಅದರ ಮೇಲೆ ನಾವು ಪ್ಲೇಟಿನ ಅಂಚಿಗೆ ಹಾಕಿದ್ದ ಗ್ರೈಂಡರಿನ ಗೀರುಗಳು ಹಾಗೇ ಇದ್ದವು. ಕರಗಿದ್ದರೆ ಆ ಗೀರು ಉಳಿಯುತ್ತಿರಲಿಲ್ಲ. ಫಿಲೆಟ್ ಬ್ರೇಕ್ ಟೆಸ್ಟಿನಲ್ಲಿ ಒಡೆದರೂ ಪಾಸಾಗಬೇಕಾದರೆ ರೂಟಿನವರೆಗೆ ಪೂರ್ತಿ ಕರಗಿ ಕೂಡಿರಬೇಕು, 2.5 ಮಿ.ಮೀ.ಗಿಂತ ದೊಡ್ಡ ಸ್ಲ್ಯಾಗ್ ಅಥವಾ ತೂತು ಇರಬಾರದು, ಅವೆಲ್ಲದರ ಮೊತ್ತ 150 ಮಿ.ಮೀ. ತುಂಡಿನಲ್ಲಿ 10 ಮಿ.ಮೀ. ದಾಟಬಾರದು.

ಹುಡುಗ ಆ ಗೀರುಗಳ ಮೇಲೆ ಉಗುರು ಆಡಿಸುತ್ತ ಬಹಳ ಹೊತ್ತು ಕೂತಿದ್ದ. "ಹಾಗಾದ್ರೆ ಹೊರಗಿಂದ ಇದನ್ನ ಹಿಡಿಯೋದು ಹೇಗಣ್ಣ?" ಎಂದು ಕೇಳಿದ. ವೆಲ್ಡರನ್ನು ಮೊದಲೇ ಪರೀಕ್ಷೆ ಮಾಡಿ ಅರ್ಹತೆ ಕೊಡುವುದು, ಬೆಸುಗೆಯ ವಿಧಾನ ಬರೆದ ಡಬ್ಲ್ಯುಪಿಎಸ್ ಹಾಳೆಯನ್ನು ವೆಲ್ಡಿಂಗ್ ಜಾಗದಲ್ಲೇ ತೂಗುಹಾಕುವುದು, ಕೆಲಸ ನಡೆಯುವಾಗ ಟಾಂಗ್ ಟೆಸ್ಟರ್ ಹಿಡಿದು ಆಂಪ್ಸ್ ನೋಡುವುದು ಇದಕ್ಕೇ. ಫಿಲೆಟ್ಟಿನ ರೂಟನ್ನು ಆಮೇಲೆ ನೋಡುವ ಸಾಧನ ಶೆಡ್ಡಿನಲ್ಲಿ ಇರುವುದಿಲ್ಲ.

ಆರನೆಯದು, ಮರುದಿನ ಬಂದ ಬಿರುಕು

ಮೈಲ್ಡ್ ಸ್ಟೀಲಿನಲ್ಲಿ ಬೇಕೆಂದಾಗ ಬಿರುಕು ಬರಿಸುವುದು ಕಷ್ಟ. ಅದಕ್ಕೆ ಲಾರಿಯ ಲೀಫ್ ಸ್ಪ್ರಿಂಗಿನ ತುಂಡು ತಂದೆವು. ಇಎನ್ 45 ಜಾತಿಯ ಆ ಉಕ್ಕಿನಲ್ಲಿ ಕಾರ್ಬನ್ ಶೇಕಡಾ 0.5ರಿಂದ 0.6, ಮ್ಯಾಂಗನೀಸ್ 0.7ರಿಂದ 1. ಕಾರ್ಬನ್‌ಗೆ ಮ್ಯಾಂಗನೀಸಿನ ಆರನೇ ಒಂದು ಭಾಗ ಕೂಡಿಸಿದರೇ ಉಕ್ಕು ಎಷ್ಟು ಸುಲಭವಾಗಿ ಗಡುಸಾಗಿ ಬಿರಿಯುತ್ತದೆಂದು ಹೇಳುವ ಕಾರ್ಬನ್ ಈಕ್ವಿವೆಲೆಂಟ್ 0.69ರ ಹತ್ತಿರ ಹೋಗುತ್ತದೆ. ನಮ್ಮ ಇ250 ಎ ಪ್ಲೇಟಿಗೆ ಅದರ ಗರಿಷ್ಠ 0.42.

ತೆರೆದಿಟ್ಟಿದ್ದ ಪ್ಯಾಕೆಟ್ಟಿನ 6013 ರಾಡಿನಿಂದ, ಬಿಸಿ ಮಾಡದೆ, ತಣ್ಣನೆಯ ಸ್ಪ್ರಿಂಗಿಗೆ ಬೆಸುಗೆ ಹಾಕಿ ಗಾಳಿಗೆ ಬಿಟ್ಟೆವು. ಕೈಗೆ ತಾಳುವಷ್ಟು ಆರಿದ ಮೇಲೆ ಡಿಪಿ: ಕ್ಲೀನರಿನಿಂದ ಒರೆಸಿ, ಕೆಂಪು ಪೆನಿಟ್ರೆಂಟ್ ಹತ್ತು ನಿಮಿಷ ಬಿಟ್ಟು, ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ ತೆಗೆದು, ಡೆವಲಪರ್ ತೆಳ್ಳಗೆ ಹೊಡೆದೆವು. ಕ್ಲೀನರನ್ನು ನೇರ ಬೆಸುಗೆಯ ಮೇಲೆ ಸ್ಪ್ರೇ ಮಾಡಿದರೆ ಬಿರುಕಿನೊಳಗಿನ ಕೆಂಪೂ ತೊಳೆದು ಹೋಗುತ್ತದೆ. ಪ್ರತಿ ಶೆಡ್ಡಿನಲ್ಲೂ ಅವಸರಕ್ಕೆ ಹಾಗೇ ಮಾಡುವುದನ್ನು ಕಂಡಿದ್ದೇನೆ. ಹತ್ತು ನಿಮಿಷ ಕಾದು ನೋಡಿದರೂ ಬಿಳಿ ಮೇಲ್ಮೈ ಬಿಳಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅದೇ ತುಂಡಿಗೆ ಮತ್ತೆ ಡಿಪಿ ಹಾಕಿದಾಗ ಬೆಸುಗೆಯ ಅಂಚಿನುದ್ದಕ್ಕೆ ನೇರ ಕೆಂಪು ಗೆರೆ ಮೂಡಿತು. ಉದ್ದ ಅಗಲದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಅದು ಲೀನಿಯರ್. ಇದಕ್ಕೆ ಅಳೆಯುವ ಅಗತ್ಯವೂ ಇರಲಿಲ್ಲ. ತೇವದ ಲೇಪದಿಂದ ಬಂದ ಹೈಡ್ರೋಜನ್, ಬೇಗ ಆರಿ ಗಡುಸಾದ ಉಕ್ಕು, ಬೆಸುಗೆ ಕುಗ್ಗುವಾಗಿನ ಬಿಗಿತ, ಈ ಮೂರೂ ಕೂಡಿದರೆ ಬಿರುಕು ತಡವಾಗಿ ಬರುತ್ತದೆ. ಎ514ರಂಥ ಗಡುಸು ಉಕ್ಕಿಗೆ ಬೆಸುಗೆ ಮುಗಿದು 48 ಗಂಟೆ ಕಳೆಯುವ ಮೊದಲು ಅಂತಿಮ ತಪಾಸಣೆ ಮಾಡಬಾರದೆಂದು ಡಿ1.1 ಹೇಳುವುದು ಇದಕ್ಕಾಗಿ. ಟ್ರಕ್ ಬಂದು ನಿಂತಿದೆ, ಇವತ್ತೇ ಕ್ಲಿಯರೆನ್ಸ್ ಕೊಡಿ ಎಂದು ಯಾರೇ ಒತ್ತಾಯಿಸಿದರೂ ಈ ಗಂಟೆಗಳನ್ನು ಬಿಟ್ಟುಕೊಡಬಾರದು. ಬಿರುಕಿಗೆ ಕೋಡಿನಲ್ಲಿ ಅಳತೆಯ ಮಿತಿಯೇ ಇಲ್ಲ, ಎಷ್ಟು ಸಣ್ಣದಾದರೂ ರಿಜೆಕ್ಟ್.

ಅದೇ ಸ್ಪ್ರಿಂಗಿನ ಇನ್ನೊಂದು ತುಂಡನ್ನು ಟೆಂಪರೇಚರ್ ಚಾಕ್ ಇಟ್ಟು 250 ಡಿಗ್ರಿಗೆ ಕಾಯಿಸಿ, ಬೇಯಿಸಿದ 7018ರಿಂದ ಬೆಸೆದು, ಒಣ ಸುಣ್ಣದ ಪುಡಿಯಲ್ಲಿ ಹೂತು ನಿಧಾನ ಆರಿಸಿದೆವು. ಅದರಲ್ಲಿ ಮರುದಿನವೂ ಗೆರೆ ಬರಲಿಲ್ಲ. ಎರಡನ್ನೂ ಸೆಟ್ಟಿನಲ್ಲಿ ಜೊತೆಯಾಗಿ ಇಟ್ಟಿದ್ದೇವೆ.

ಏಳನೆಯದು ಮತ್ತು ರಿಪೇರಿ

60 ಡಿಗ್ರಿ ವಿ ಬಟ್ ಜಾಯಿಂಟು, ರೂಟ್ ಗ್ಯಾಪ್ 3 ಮಿ.ಮೀ. ರೂಟ್ ಪಾಸ್, ಅಂದರೆ ತಳದ ಮೊದಲ ಪದರ, ಚೆನ್ನಾಗಿ ಬಂತು. ಅದರ ಮೇಲಿನ ಪಾಸಿನಲ್ಲಿ ಅಂಚಿನ ಸ್ಲ್ಯಾಗನ್ನು ಅರ್ಧ ಉದ್ದಕ್ಕೆ ತೆಗೆಯದೆ ಬಿಟ್ಟು ಕ್ಯಾಪ್ ಎಂಬ ಕೊನೆಯ ಮೇಲ್ಪದರದಿಂದ ಮುಚ್ಚಿದೆವು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಅನುಮತಿ ಇರುವ ಲ್ಯಾಬಿನಲ್ಲಿ ರೇಡಿಯೋಗ್ರಫಿ ಮಾಡಿಸಿದಾಗ ಫಿಲ್ಮಿನಲ್ಲಿ ಬೆಸುಗೆಯುದ್ದಕ್ಕೆ ಸಮಾನಾಂತರದ ಎರಡು ಕಪ್ಪು ಗೆರೆ. ಸ್ಲ್ಯಾಗ್ ಉಕ್ಕಿಗಿಂತ ಹಗುರ, ಕಿರಣ ಹೆಚ್ಚು ದಾಟುತ್ತದೆ, ಫಿಲ್ಮ್ ಅಲ್ಲಿ ಕಪ್ಪಾಗುತ್ತದೆ.

ಫಿಲ್ಮ್ ಜಾಗ ತೋರಿಸುತ್ತದೆ, ಆಳ ತೋರಿಸುವುದಿಲ್ಲ. ಸೊನ್ನೆ ಗುರುತಿನಿಂದ ಅಳೆದು ಪ್ಲೇಟಿನ ಮೇಲೆ ಗೆರೆ ಹಾಕಿ, ಕ್ಯಾಪಿನಿಂದ ಗ್ರೈಂಡರಿನಲ್ಲಿ ತೆಳ್ಳತೆಳ್ಳಗೆ ಇಳಿದೆವು. ಸ್ವಲ್ಪ ತೆಗೆಯುವುದು, ಒರೆಸುವುದು, ನೋಡುವುದು. 4 ಮಿ.ಮೀ. ಹತ್ತಿರ ಬಂದಾಗ ಕಪ್ಪು ಚುಕ್ಕಿಗಳು ಸಾಲಾಗಿ ಕಂಡವು. ಅವು ಮಾಯವಾದ ಮೇಲೂ ಇನ್ನಷ್ಟು ತೆಗೆದು, ತಳ ದುಂಡಗೆ, ಎರಡೂ ತುದಿ ಇಳಿಜಾರಾಗಿ ದೋಣಿಯಂತೆ ರೂಪಿಸಿದೆವು. ತುದಿ ಕಡಿದಾಗಿದ್ದರೆ ರಾಡು ಮೂಲೆ ಮುಟ್ಟುವುದಿಲ್ಲ. ಅಲ್ಲಿ ಮತ್ತೆ ಸ್ಲ್ಯಾಗ್ ಕೂರುತ್ತದೆ, ರಿಪೇರಿಗೆ ಮತ್ತೆ ರಿಪೇರಿ. ತಗ್ಗಿಗೆ ಡಿಪಿ ಹಾಕಿ ಸ್ವಚ್ಛ ಎಂದು ಕಂಡ ಮೇಲೆ ಡೆವಲಪರ್ ಒಂದು ಕಣವೂ ಉಳಿಯದಂತೆ ಅಸಿಟೋನಿನಿಂದ ತೊಳೆದು ಒಣಗಿಸಿದೆವು. ಈ ಜಾಗದಲ್ಲಿ ಕ್ಲೋರಿನ್ ಇರುವ ಕ್ಲೀನರ್ ಬಳಸಬಾರದು. ಆರ್ಕಿನ ಕಾವು ಮತ್ತು ನೇರಳಾತೀತ ಬೆಳಕಿಗೆ ಅದು ಫಾಸ್‌ಜೀನ್ ಎಂಬ ವಿಷಾನಿಲವಾಗುತ್ತದೆ.

ಮತ್ತೆ ಬೆಸೆಯುವುದು ಮೂಲ ಡಬ್ಲ್ಯುಪಿಎಸ್ ಪ್ರಕಾರವೇ. ಪ್ರತಿ ಪಾಸಿಗೂ ಸ್ಲ್ಯಾಗ್ ತಟ್ಟಿ, ಅಂಚನ್ನು ಗ್ರೈಂಡ್ ಮಾಡಿ, ಅಣ್ಣ ಹುಡುಗನಿಗೆ ತೋರಿಸಿ, ಅವನು ಸರಿಯೆಂದ ಮೇಲೆಯೇ ಮುಂದಿನ ಪಾಸ್ ಹಾಕಿದರು. ಎರಡನೆಯ ಫಿಲ್ಮಿಗೆ ಆರ್1 ಎಂಬ ಗುರುತು ಇಟ್ಟೆವು, ಮೊದಲ ಫಿಲ್ಮನ್ನೂ ಜೊತೆಗೇ ಲಗತ್ತಿಸಿದೆವು. ರಿಪೇರಿ ಆಗಿದ್ದನ್ನು ದಾಖಲೆಯಲ್ಲಿ ಅಳಿಸಬಾರದು. ಗೆರೆಗಳು ಹೋಗಿದ್ದವು.

ರಿಪೋರ್ಟನ್ನು ಹುಡುಗನೇ ಬರೆದ. ಮೊದಲು "ಸ್ಲ್ಯಾಗ್ ಇತ್ತು, ತೆಗೆಯಲಾಗಿದೆ" ಎಂದಷ್ಟೇ ಬರೆದು ತಂದ. ಕೂರಿಸಿಕೊಂಡು ತಿದ್ದಿದ ಮೇಲೆ ಹೀಗಾಯಿತು: ತುಂಡು 7, ಸೊನ್ನೆಯಿಂದ 20ರಿಂದ 95 ಮಿ.ಮೀ.ವರೆಗೆ ಉದ್ದದ ಸ್ಲ್ಯಾಗ್, ಕ್ಯಾಪಿನಿಂದ ಆಳ 4 ಮಿ.ಮೀ.; ಗ್ರೈಂಡಿಂಗ್‌ನಿಂದ ತೆಗೆದ ಆಳ 5.5 ಮಿ.ಮೀ.; ತಗ್ಗಿನ ಡಿಪಿ ಸ್ವಚ್ಛ; ಇ7018, 3.15 ಮಿ.ಮೀ.ನಿಂದ ಮರುಬೆಸುಗೆ, ಆರ್1 ಫಿಲ್ಮ್ ಸ್ವೀಕೃತ. ಕೆಳಗೆ ವೆಲ್ಡರ್ ಗುರುತು, ತಾರೀಕು, ನೋಡಿದವರ ಸಹಿ.